ಕಿವಿ ನಂಬರಿಲ್ಲದ ಕಾರ್ಡು

“ಈ ಚೀಟಿ ನನ್ನ ಕಡೆ ಇರಲಿ ಬಿಡವಾ. ಜ್ವಾಕಿ ಮಾಡಿ ಇಡ್ತೀನಿ. ನೀ ಕೇಳಿದ ದಿನ ಕೊಡ್ತೀನಿ” ಎಂದು ಶಿವಲಿಂಗವ್ವ ಸೊಸೆಗೆ ಮಾತು ಕೊಟ್ಟದ್ದು 1974ರ ಶ್ರಾವಣದಲ್ಲಿ, ಸಿಟಿಯೊಳಗಿನ ದೊಡ್ಡಾಸ್ಪತ್ರೆಯ ಮೆಟ್ಟಿಲ ಮೇಲೆ. ಸೊಸೆ ನೀಲಕ್ಕನಿಗೆ ಆಗ ಒಂದು ಕಾಗದ ಹಿಡಿದುಕೊಳ್ಳುವಷ್ಟೂ ತ್ರಾಣವಿರಲಿಲ್ಲ. ಹನ್ನೊಂದು ದಿನದ ಹಿಂದೆ ಮನೆಯಲ್ಲೇ ಹೆತ್ತು, ರಕ್ತ ನಿಲ್ಲದೆ, ಪಕ್ಕದ ಮನೆಯ ನಜೀರನ ಆಟೋದಲ್ಲಿ ಬಂದು ಬಿದ್ದವಳು. ಯಾರ್ಯಾರದೋ ರಕ್ತ ಏರಿಸಿಕೊಂಡು, ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿ, ಗಂಡನ ಹೆಗಲಿಗೆ ಜೋತು ಇಳಿಯುತ್ತಿದ್ದಳು. ಬಿಡುಗಡೆ ಮಾಡಿದ ಡಾಕ್ಟರಮ್ಮ ಆ ಕಾಗದವನ್ನು ಮಡಚಿ ಕೊಡುವಾಗ, ಇದನ್ನು ಒಡವೆಗಿಂತ ಹುಷಾರಾಗಿ ಇಟ್ಟುಕೊಳ್ಳಿ, ಇನ್ನೊಂದು ಮಗುವಿನ ಯೋಚನೆ ಬಂದರೆ ಬಸುರಾಗುವ ಮೊದಲೇ ಯಾರಾದರೂ ಡಾಕ್ಟರಿಗೆ ತೋರಿಸಿ ಎಂದು ಎರಡು ಸಲ ಹೇಳಿದ್ದಳು. ಇನ್ನೊಂದು ಮಗುವಿನ ಮಾತು ಕೇಳಿ ನೀಲಕ್ಕ ಮುಖ ತಿರುಗಿಸಿದ್ದಳು. ಚೀಟಿ ಅತ್ತೆಯ ಸೆರಗಿನ ಗಂಟು ಸೇರಿತು.

ಆರು ವರ್ಷ ಆ ಚೀಟಿಯ ನೆನಪೇ ಬರಲಿಲ್ಲ. ನೆನಪು ಬಂದದ್ದು ಮಗಳು ಕಸ್ತೂರಿ ಒಂದನೇ ಕ್ಲಾಸಿಗೆ ಸೇರಿದ ವರ್ಷ. ಅವಳಿಗೊಂದು ಜೊತೆ ಬೇಕು ಎಂದು ನೀಲಕ್ಕನಿಗೆ ಅನಿಸತೊಡಗಿ ಆಗಲೇ ಎರಡು ವರ್ಷವಾಗಿತ್ತು. ಮನಸ್ಸು ಬೇಕು ಎನ್ನುತ್ತಿತ್ತು, ಮೈ ಬೇಡ ಎನ್ನುತ್ತಿತ್ತು. ತಿಂಗಳ ಮುಟ್ಟಿನ ಮೊದಲ ದಿನ ಬಚ್ಚಲಲ್ಲಿ ನಿಂತು ಈಗಲೂ ತೊಯ್ದ ಬಟ್ಟೆ ಎಣಿಸುತ್ತಿದ್ದಳು. ಈಳಿಗೆ ಮಣೆಯಲ್ಲಿ ಬೆರಳು ಕೊಯ್ದುಕೊಂಡರೆ ನೀರಿಗೆ ಹಿಡಿಯುತ್ತಿರಲಿಲ್ಲ. ಗಡಿಯಾರದ ಕೆಳಗೆ ನಿಂತು ರಕ್ತ ಎಷ್ಟು ಹೊತ್ತಿಗೆ ನಿಲ್ಲುತ್ತದೆಂದು ನೋಡುತ್ತಿದ್ದಳು. ಎರಡು ನಿಮಿಷ, ಎರಡೂವರೆ. ಎಲ್ಲರಿಗೂ ಅಷ್ಟೇ ಆಗುತ್ತದೋ, ತನಗೆ ಮಾತ್ರವೋ, ಯಾರನ್ನು ಕೇಳುವುದು? ಅವಳ ಮೈ ರಕ್ತ ತಡೆಯುವುದಿಲ್ಲ ಎಂದು ಗದಗಿನ ಕಡೆಯ ನೆಂಟರೆಲ್ಲ ಅವಳ ಎದುರೇ ಆಡಿಕೊಳ್ಳುತ್ತಿದ್ದರು. ಅದೇ ನೆಂಟರು ಮರುಗಳಿಗೆಯಲ್ಲಿ, ಒಂದು ಹೆಣ್ಣಿಗೇ ನಿಲ್ಲಿಸಿಬಿಟ್ಟೆಯಲ್ಲ ಎಂದೂ ಅನ್ನುತ್ತಿದ್ದರು. ಎರಡನ್ನೂ ಒಂದೇ ಬಾಯಿಯಲ್ಲಿ ಹೇಗೆ ಹೇಳುತ್ತಾರೆಂಬುದು ಅವಳಿಗೆ ಅರ್ಥವಾಗುತ್ತಿರಲಿಲ್ಲ.

ಗಂಡ ವೀರಬಸಪ್ಪ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಲೇಥು ನಡೆಸುವವನು. ಕೆಟ್ಟವನಲ್ಲ. ಇನ್ನೊಂದು ಮಗು ಬೇಕೋ ಬೇಡವೋ ಎಂದು ಕೇಳಿದರೆ “ನಿನ್ನಿಷ್ಟ” ಎನ್ನುತ್ತಿದ್ದ. ಉಪ್ಪಿಟ್ಟೋ ಅವಲಕ್ಕಿಯೋ ಎಂದು ಕೇಳಿದರೂ ಅದೇ ಮಾತು, ಅದೇ ರಾಗ.

ಕೊನೆಗೆ ಒಂದು ಸಂಜೆ ನೀಲಕ್ಕ ಒಬ್ಬಳೇ ಆರ್.ಟಿ. ನಗರದಲ್ಲಿ ಹೊಸದಾಗಿ ಬೋರ್ಡು ಹಾಕಿದ್ದ ಲೇಡಿ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಸಣ್ಣ ವಯಸ್ಸಿನವರು, ತಾಳ್ಮೆಯವರು. ಒಂದೊಂದೇ ಕೇಳಿದರು. ರಕ್ತ ಹೋಗಲು ಶುರುವಾದದ್ದು ಮಗು ಹುಟ್ಟುವ ಮೊದಲೋ ಆಮೇಲೋ? ಮಾಸು, ಅಂದರೆ ನಿಮ್ಮ ಕಡೆ ಕಸ ಅಂತೀರಲ್ಲ, ಅದು ತಾನಾಗಿ ಬಿತ್ತೋ, ಯಾರಾದರೂ ಎಳೆದರೋ? ಪೂರ್ತಿ ಬಂತೋ? ಎಷ್ಟು ಹೊತ್ತಿಗೆ ಆಸ್ಪತ್ರೆ ಸೇರಿದಿರಿ? ಅಲ್ಲಿ ಕೈ ಹಾಕಿ ತೆಗೆದರೋ? ಎಷ್ಟು ಬಾಟಲಿ ರಕ್ತ ಕೊಟ್ಟರು?

ಪ್ರತಿ ಪ್ರಶ್ನೆಗೂ ನೀಲಕ್ಕನ ಉತ್ತರ ಒಂದೇ: ಗೊತ್ತಿಲ್ಲ, ನನಗೆ ಸರಿಯಾಗಿ ಎಚ್ಚರವಿರಲಿಲ್ಲ. ಆರನೆಯ ಸಲ ಹಾಗೆನ್ನುವಾಗ ಅವಳಿಗೆ ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ತನ್ನದೇ ಮೈಗೆ ಆದದ್ದು, ತನಗೊಬ್ಬಳಿಗೆ ಗೊತ್ತಿಲ್ಲ.

“ಒಂದ್ಸಲ ಹಿಂಗಾದೋರಿಗೆ ಮತ್ತೆ ಆಗೋದು ಜಾಸ್ತಿ ಕಣ್ರೀ. ಆದ್ರೆ ಯಾಕಾಯ್ತು ಅನ್ನೋದರ ಮೇಲಿದೆ ಎಲ್ಲಾ. ಡಿಸ್ಚಾರ್ಜ್ ಚೀಟಿ ಕೊಟ್ಟಿರ್ತಾರಲ್ಲ, ಅದನ್ನ ತನ್ನಿ. ಅದಿಲ್ದೆ ನಾನು ಹೂಂ ಅಂದ್ರೂ ತಪ್ಪು, ಉಹೂಂ ಅಂದ್ರೂ ತಪ್ಪು” ಎಂದರು ಡಾಕ್ಟರು.

ಅಂದೇ ಮನೆಗೆ ಬಂದು ಅತ್ತೆಯನ್ನು ಕೇಳಿದಳು. ಬಾಣಂತನಕ್ಕೆಂದು ಬಂದ ಶಿವಲಿಂಗವ್ವ ಗದಗಿನ ಕಡೆಗೆ ವಾಪಸು ಹೋಗದೆ ಇಲ್ಲೇ ಉಳಿದಿದ್ದಳು. ಚೀಟಿ ಎಂದ ಕೂಡಲೇ ಮುದುಕಿ, ಐತಲ್ಲ, ಟ್ರಂಕಿನಾಗ ಐತಿ ಎಂದಳು. ಟ್ರಂಕು ತೆಗೆದು ನೋಡಿದರೆ ಇರಲಿಲ್ಲ. ಹಾಗಾದರೆ ಊರಾಗ ಐತಿ, ಮಗಳ ಮನಿಯಾಗ ಎಂದಳು. ನೀಲಕ್ಕ ನಾದಿನಿಗೆ ಕಾಗದ ಬರೆದಳು. ಹದಿನೈದು ದಿನಕ್ಕೆ ಉತ್ತರ ಬಂತು. ಅಂಥ ಚೀಟಿ ನಾನು ಕಣ್ಣಿನಿಂದ ಕಂಡಿಲ್ಲ, ಎರಡನೆಯದಕ್ಕೆ ಏನಾದರೂ ವಿಶೇಷ ಉಂಟೇ ಎಂದು ಕೇಳಿದ್ದಳು ನಾದಿನಿ. ಕಾಗದ ತೋರಿಸಿದರೆ ಶಿವಲಿಂಗವ್ವ ತಲೆ ಎತ್ತದೆ, “ಎಲ್ಲಿಟ್ಟೇನೋ ಏನೋ, ವಯಸ್ಸಾತು” ಎಂದು ಹೆಸರುಕಾಳು ಹಸನು ಮಾಡತೊಡಗಿದಳು. ಯಾವ ಸೊಸೆ ಯಾವ ಮದುವೆಗೆ ಎಷ್ಟು ಗುಂಜಿ ಬಂಗಾರ ತಂದಳೆಂಬುದನ್ನು ಮುದುಕಿ ನಾಲ್ಕು ತಲೆಮಾರಿನವರೆಗೆ ಹೇಳುತ್ತಿದ್ದಳು. ವಯಸ್ಸು ಚೀಟಿಗೆ ಮಾತ್ರ ಆಗಿತ್ತು.

ವೀರಬಸಪ್ಪನನ್ನು ಕೂರಿಸಿಕೊಂಡು, ಅವತ್ತು ಆಸ್ಪತ್ರೆಯಲ್ಲಿ ಏನೇನಾಯಿತು ಎಂದು ಕೇಳಿದಳು. ಅವನು ಹೇಳಿದ್ದು ಇಷ್ಟು: ಸುದ್ದಿ ಸಿಕ್ಕಿ ಕಾರ್ಖಾನೆಯಿಂದ ನೇರ ಆಸ್ಪತ್ರೆಗೆ ಓಡಿದ್ದ, ಒಳಗೆ ಬಿಡಲಿಲ್ಲ, ವರಾಂಡದಲ್ಲಿ ನಿಂತಿದ್ದ. ಯಾವುದೋ ಕಾಗದಕ್ಕೆ ಸಹಿ ಹಾಕಿಸಿಕೊಂಡರು.

“ಯಾವ ಕಾಗದಕ್ಕ?”

“ಓದಲಿಲ್ಲ. ತೋರಿಸಿದಲ್ಲಿ ಹಾಕಿದೆ.”

“ಮತ್ತೇನಾತು?”

“ವಾರ್ಡಿನ ಬಾಗಲದಾಗ ಚಪ್ಪಲಿ ಬಿಟ್ಟಿದ್ದೆ ನೋಡು, ಹೊಸಾವು. ಯಾರೋ ಮೆಟ್ಟಿಕೊಂಡು ಹೋದ್ರು.”

ಆರು ವರ್ಷದ ಹಿಂದಿನ ಆ ದಿನದಿಂದ ಅವನ ನೆನಪಿನಲ್ಲಿ ಉಳಿದದ್ದು ಅದು. ನೀಲಕ್ಕ ಎದ್ದು ಹೋಗಿ ಪಾತ್ರೆ ತಿಕ್ಕಿದಳು. ತಿಕ್ಕಿದ್ದನ್ನೇ ಮತ್ತೊಮ್ಮೆ ತಿಕ್ಕಿದಳು.

ಮುಂದಿನ ವಾರ ತನ್ನ ಕಚೇರಿಗೆ ಅರ್ಧ ದಿನ ರಜೆ ಹಾಕಿ ದೊಡ್ಡಾಸ್ಪತ್ರೆಗೇ ಹೋದಳು. ಹಳೆಯ ದಾಖಲೆಗಳ ಕೋಣೆ ಮಹಡಿ ಮೆಟ್ಟಿಲ ಕೆಳಗಿತ್ತು. ಕಿಟಕಿಯಲ್ಲಿ ಕೂತಿದ್ದವನು ನಂಬರು ಕೇಳಿದ.

“ನಂಬರು ಚೀಟಿಯಲ್ಲಿದೆ” ಎಂದಳು ನೀಲಕ್ಕ.

“ಚೀಟಿ ಕೊಡಿ ಮತ್ತೆ.”

“ಚೀಟಿ ಕಳೆದಿದೆ. ಅದಕ್ಕೇ ಬಂದಿರೋದು.”

“ಹಂಗಾದ್ರೆ ನಂಬರ್ ಹೇಳಿ ಸಾಕು.”

ಅವನು ತಮಾಷೆ ಮಾಡುತ್ತಿರಲಿಲ್ಲ. ಅವನ ಬೆನ್ನ ಹಿಂದೆ ಚಾವಣಿಯವರೆಗೆ ಕಟ್ಟುಗಳಿದ್ದವು, ಎಲ್ಲವೂ ನಂಬರಿನ ಪ್ರಕಾರ. ಹೆಸರು ಹಿಡಿದು ಹುಡುಕಲು ಹೋದರೆ ಅವನ ನೌಕರಿಯ ಅವಧಿಯೇ ಮುಗಿಯುತ್ತಿತ್ತು. ತಾರೀಖು ಹೇಳಿದಳು, ಗಂಡನ ಹೆಸರು ಹೇಳಿದಳು. ಐದು ವರ್ಷ ದಾಟಿದ್ದು ಇಲ್ಲಿರಲ್ಲ ತಾಯಿ, ಗೋಡೌನಿಗೆ ಹೋಗಿರುತ್ತೆ ಎಂದ. ಗೋಡೌನು ಎಲ್ಲಿ ಎಂದರೆ ಅದು ತನಗೂ ಗೊತ್ತಿಲ್ಲ ಎಂದ.

ಮರುದಿನ ಕಚೇರಿಯಲ್ಲಿ ಅವಳ ತಲೆ ಸಿಡಿಯುತ್ತಿತ್ತು. ನೀಲಕ್ಕ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ, ಡೈರಿ ವಿಭಾಗದ ಗುಮಾಸ್ತೆ. ಕೊಟ್ಟಿಗೆಯಲ್ಲಿದ್ದ ಪ್ರತಿ ಹಸುವಿಗೂ ಕಿವಿಯಲ್ಲಿ ನಂಬರಿನ ಬಿಲ್ಲೆ, ಕಚೇರಿಯಲ್ಲಿ ಒಂದು ಹಳದಿ ಕಾರ್ಡು ಇದ್ದವು. ತಳಿ, ಕಿವಿ ನಂಬರು, ಗಬ್ಬವಾದ ತಾರೀಖು, ಕರು ಹಾಕಿದ ವೇಳೆ, ಮಾಸು ಬಿದ್ದ ವೇಳೆ, ಷರಾ. ಅವನ್ನೆಲ್ಲ ದುಂಡಗಿನ ಅಕ್ಷರದಲ್ಲಿ ತುಂಬುವುದು ಅವಳ ಕೆಲಸ. ಕೊಟ್ಟಿಗೆಯ ಮೇಸ್ತ್ರಿ ಬ್ಯಾಟರಾಯಪ್ಪ ಬೆಳಿಗ್ಗೆ ಬಂದು ಬಾಗಿಲಲ್ಲೇ ನಿಂತು ವರದಿ ಒಪ್ಪಿಸುತ್ತಿದ್ದ. ಒಳಗೆ ಬಂದರೆ ಗಂಜಲದ ವಾಸನೆ ಬರುತ್ತದೆಂದು ಅವನಿಗೇ ಸಂಕೋಚ.

“ಬರ್ಕಳಿ ನೀಲಕ್ಕ. ಎಪ್ಪತ್ಮೂರನೇ ನಂಬರ್ ಅಸು, ನೆನ್ನೆ ಸಂಜೆ ನಾಕೂಕಾಲ್ಗೆ ಎಣ್ಗರು ಆಕ್ತು. ಇವತ್ ಬೆಳಿಗ್ಗೆ ಎಂಟ್ಗಂಟೆಯಾದ್ರೂ ಮಾಸು ಬೀಳ್ನಿಲ್ಲ. ಡಾಕ್ಟ್ರು ಕೈ ಆಕಿ ತೆಗುದ್ರು. ಪೂರ್ತಿ ಬಂತು. ರಕ್ತ ಜಾಸ್ತಿ ಓಗ್ಲಿಲ್ಲ.”

ಬರೆಯುತ್ತಿದ್ದ ನೀಲಕ್ಕನ ಕೈ ನಿಂತಿತು. ಹಿಂದಿನ ಕರುವಿನಲ್ಲೂ ಹೀಗೇ ಆಗಿತ್ತೋ ಎಂದು ಕೇಳಿದಳು.

“ನೀವೇ ಬರ್ದಿದ್ದೀರಲ್ಲ, ಮ್ಯಾಲೆ ನೋಡಿ. ಓದ್ಸಲಾನೂ ಇಂಗೇ ಆಗಿತ್ತು. ಅದ್ಕೇ ನೋಡಿ ಈ ಸಲ ಡಾಕ್ಟ್ರು ಸರೊತ್ತಿಂದ್ಲೇ ಬಂದು ಕುಂತಿದ್ರು. ಕಾರ್ಡಿಲ್ದಿದ್ರೆ ಯಾವನ್ಗ್ ಗೊತ್ತಾಗೋದು?” ಬ್ಯಾಟರಾಯಪ್ಪ ನಕ್ಕ. “ಅಸಿನ ಜಾತ್ಕ ಗೌರ್ಮೆಂಟ್ ಬರ್ಸಿಟ್ಟದೆ. ನಮ್ದು ನಿಮ್ದು ಯಾರ್ ಬರೀತಾರೆ ಏಳಿ.”

ಅವನು ಹೋದ ಮೇಲೆ ನೀಲಕ್ಕ ಆ ಕಾರ್ಡನ್ನು ನೋಡುತ್ತ ಕೂತಳು. ಮೂರು ಕರುಗಳ ಚರಿತ್ರೆ, ಗಂಟೆ ನಿಮಿಷ ಸಮೇತ, ಅವಳದೇ ಅಕ್ಷರದಲ್ಲಿ. ಎಪ್ಪತ್ತಮೂರನೆಯ ನಂಬರಿನ ಹಸುವಿನ ಮೇಲೆ ಅವಳಿಗೆ ಹೊಟ್ಟೆಕಿಚ್ಚು ಬಂತು. ನಗು ಬರಬೇಕಿತ್ತು, ಬರಲಿಲ್ಲ. ಡ್ರಾಯರಿನಿಂದ ಒಂದು ಖಾಲಿ ಕಾರ್ಡು ತೆಗೆದು ಬ್ಯಾಗಿಗೆ ಹಾಕಿಕೊಂಡಳು. ಯಾಕೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ.

ಸಂಜೆ ಬಸ್ಸಿಳಿದು ಬರುವಾಗ ನಜೀರನ ಹೆಂಡತಿ ಕುಲ್ಸುಮ್ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದಳು. ಆಟೋ ಹತ್ತಿಸಿದ ದಿನ ನೀಲಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಅವಳೇ. ಬೇರೆ ಯಾರನ್ನೂ ಕೇಳಲು ಉಳಿದಿರಲಿಲ್ಲವಾದ್ದರಿಂದ ನೀಲಕ್ಕ ಅವಳನ್ನೂ ಕೇಳಿದಳು. ಕುಲ್ಸುಮ್‌ಗೆ ಮೊದಲಿನದು ಗೊತ್ತಿರಲಿಲ್ಲ. ಹೆರಿಗೆಯ ಕೋಣೆಯೊಳಗೆ ಅವಳನ್ನು ಬಿಟ್ಟಿರಲಿಲ್ಲ. ಆದರೆ ಚೀಟಿ ಎಂದ ಕೂಡಲೇ ಹುಬ್ಬೇರಿಸಿದಳು.

“ಕಳೆದೋಯ್ತಾ? ಅಲ್ಲ ಕಣ್ರೀ ನೀಲಾ, ನಿಮ್ಮತ್ತೆ ಅದನ್ನ ಕಂಪೌಂಡರ್ ಅಪ್ಪಾಸಾಹೇಬರ ಹತ್ರ ಓದಿಸ್ತಾ ಇದ್ರಲ್ಲ, ನಿಮ್ ಬಾಗ್ಲಲ್ಲೇ. ನೀವು ಒಳಗೆ ಮಲ್ಗಿದ್ರಿ. ಓದಿದ್ ಮೇಲೆ ಅಮ್ಮನ ಮೂತಿ ಇಷ್ಟಾಗೋಯ್ತು. ಅಲ್ಲಾ ಕಸಂ, ನಾನೇ ನೋಡ್ದೆ.”

ನೀಲಕ್ಕ ಮನೆಗೆ ಹೋದಾಗ ಶಿವಲಿಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಎಪ್ಪತ್ತು ದಾಟಿದರೂ ರೊಟ್ಟಿಯನ್ನು ಮಾತ್ರ ಬೇರೆಯವರಿಗೆ ಬಿಡುವವಳಲ್ಲ. ನೀಲಕ್ಕ ಬ್ಯಾಗು ಕೂಡ ಇಳಿಸದೆ ಎದುರಿಗೆ ಕೂತು, ಅಪ್ಪಾಸಾಹೇಬರು ಚೀಟಿಯಲ್ಲಿ ಏನು ಓದಿದರು ಎಂದು ಕೇಳಿದಳು.

ರೊಟ್ಟಿಯ ಬಡಿತ ತಪ್ಪಿತು. ಮತ್ತೆ ಶುರುವಾಯಿತು.

“ಸುಟ್ಟೆ” ಎಂದಳು ಶಿವಲಿಂಗವ್ವ. “ಪುರುಡಿನ ಸಾಮಾನೆಲ್ಲಾ ಸುಡತಾರಲ್ಲ, ಚಾಪಿ, ಅರಿವಿ. ಅದರ ಕೂಡ ಅದನ್ನೂ ಸುಟ್ಟೆ. ರಕ್ತದ ಕಲಿ ಆಗಿತ್ತದಕ್ಕ.”

ನೀಲಕ್ಕ ಒಂದು ಕ್ಷಣ ನಂಬಿದಳು. ಹೆರಿಗೆಯ ಮೈಲಿಗೆ ಎಂದು ಮನೆಮನೆಗಳಲ್ಲಿ ಏನೇನೋ ಸುಡುತ್ತಾರೆ, ಎಸೆಯುತ್ತಾರೆ. ಆಮೇಲೆ ನೆನಪಾಯಿತು. ಕಸ್ತೂರಿಯ ತೊಟ್ಟಿಲ ದಿನ ಎದುರು ಮನೆಯಾಕೆ, ಪುರುಡಿದೆಯಲ್ಲ ಎಂದು ಹೊಸಿಲಾಚೆ ನಿಂತಾಗ ಇದೇ ಅತ್ತೆ, ಲಿಂಗ ಕಟ್ಟಿದವರ ಮನೆಯಲ್ಲಿ ಯಾವ ಸೂತಕವೂ ಇಲ್ಲ ಎಂದು ಬೀದಿಗೆ ಕೇಳುವಂತೆ ಹೇಳಿ, ಕೈ ಹಿಡಿದು ಒಳಗೆ ಎಳೆದು ತಂದು ಸಕ್ಕರೆ ಕೊಟ್ಟಿದ್ದಳು.

“ನಮಗೆಲ್ಲೀ ಪುರುಡು ಅತ್ತಿ?” ಎಂದಳು ನೀಲಕ್ಕ. “ಹುಟ್ಟಿದ್ದಕ್ಕೂ ಇಲ್ಲ, ಸತ್ತಿದ್ದಕ್ಕೂ ಇಲ್ಲ ಅಂತ ಊರ ಮಂದಿಗೆ ಹೇಳಾವ್ರು ನೀವೇ. ನನ್ನ ಚೀಟಿಗಷ್ಟ ಎಲ್ಲಿಂದ ಬಂತು?”

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಶಿವಲಿಂಗವ್ವ ಅದನ್ನು ತೆಗೆಯಲಿಲ್ಲ. ಹಿಟ್ಟಿನ ಕೈಯನ್ನು ನಾದುವ ಕೊಣಮಿಗೆಯಲ್ಲೇ ಬಿಟ್ಟು ಕೂತಳು. ನೀಲಕ್ಕನೇ ಒಲೆ ತಗ್ಗಿಸಿದಳು.

“ಅಪ್ಪಾಸಾಹೇಬ ಓದಿದ” ಎಂದಳು ಮುದುಕಿ ಕೊನೆಗೆ. “ಮನಿಯಾಗ ಹೆರಿಗಿ ಮಾಡಿಸ್ಯಾರ, ಕಸ ಎಳದು ಹರದಾರ, ರಕ್ತ ಹೋಗಾಕತ್ತಿದ್ರೂ ಐದು ತಾಸು ಇಟಗೊಂಡು ಕುಂತಾರ ಅಂತ ಬರದಿತ್ತಂತ. ಓದಿ ಆದ್ಮ್ಯಾಲೆ ನಕ್ಕ. ಅಮ್ಮಾರ, ಇದು ಪೊಲೀಸ್ ಕೇಸ್ ಆಗೂವಂಥಾದ್ದು ನೋಡ್ರಿ ಅಂದ. ಚ್ಯಾಷ್ಟಿಗೆ ಅಂದನೋ ಖರೇ ಅಂದನೋ ನನಗ ಹೆಂಗ ತಿಳೀಬೇಕು? ಬಚ್ಚಲ ಒಲಿಗೆ ಹಾಕಿದೆ. ಅವತ್ತ ನಿನಗ ಎರೆಯೂ ನೀರು ಅದರ ಮ್ಯಾಲೇ ಕಾದಿತ್ತು.”

ನೀಲಕ್ಕನಿಗೆ ಆ ನೀರಿನ ನೆನಪಿತ್ತು. ಚರಿಗೆ ಚರಿಗೆ ಸುಡು ನೀರು ಬೆನ್ನಿಗೆ ಬಿದ್ದಾಗ, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಮೈಗೆ ಜೀವ ಬಂದಿತ್ತು. ಎಷ್ಟು ಹಿತವಾಗಿ ಎರೆಯುತ್ತಾಳೆ ಅತ್ತೆ ಎಂದುಕೊಂಡಿದ್ದಳು. ಈಗ ಎದ್ದು ಕೂಗಾಡಬೇಕೆನಿಸಿತು. ಆರು ವರ್ಷ ತನ್ನ ಮೈಯೇ ತೂತು ಬಿದ್ದ ಕೊಡ ಎಂದುಕೊಂಡು, ಬೆರಳು ಕೊಯ್ದುಕೊಂಡು ಗಡಿಯಾರ ನೋಡಿದ್ದಾಯಿತು. ನೆಂಟರು ಅಂದಾಗಲೆಲ್ಲ ಈ ಮುದುಕಿ ಪಕ್ಕದಲ್ಲೇ ಕೂತು ಅಡಿಕೆ ಕತ್ತರಿಸುತ್ತಿದ್ದಳು. ಒಂದು ಸಲವೂ ಬಾಯಿ ಬಿಡಲಿಲ್ಲ.

ಕೂಗಾಡಲು ಬಾಯಿ ತೆರೆದವಳು, ಕೂಗಿದರೆ ಮುದುಕಿ ಮತ್ತೆ ಮುಚ್ಚಿಕೊಂಡುಬಿಡುತ್ತಾಳೆ ಎಂದು ತಿಳಿದು, ಬ್ಯಾಗಿನಿಂದ ಹಳದಿ ಕಾರ್ಡು ತೆಗೆದಳು. ರೊಟ್ಟಿ ಡಬ್ಬಿಯ ಮುಚ್ಚಳದ ಮೇಲಿಟ್ಟು ಪೆನ್ನು ಬಿಚ್ಚಿದಳು.

“ಚೀಟಿ ಹೋತು. ಚೀಟಿಯಾಗ ಇದ್ದದ್ದು ನಿಮ್ಮ ತಲಿಯಾಗ ಐತಿ. ಹೇಳ್ರಿ, ಬರಕೋತೀನಿ. ಕೂಸು ಹುಟ್ಟಿದ್ದು ಎಷ್ಟು ಗಂಟೇಕ?”

ಶಿವಲಿಂಗವ್ವ ಗಡಿಯಾರ ನೋಡಲು ಕಲಿತವಳಲ್ಲ. ಜಕ್ಕೂರಿನ ವಿಮಾನ ಶಾಲೆಯ ಸಣ್ಣ ವಿಮಾನ ಬೆಳಗಿನ ಮೊದಲ ಸುತ್ತು ಹೊಡೆಯುವ ಮುಂಚೆ ಕೂಸು ಹುಟ್ಟಿತು ಎಂದಳು. ಅದು ಎಂಟರ ಸುಮಾರಿಗೆ ಹಾರುತ್ತಿತ್ತು; ನೀಲಕ್ಕ ಎಂಟು ಗಂಟೆ ಎಂದು ಬರೆದಳು. ಆಟೋ ಹತ್ತಿಸಿದ್ದು ನಜೀರ್ ಊಟಕ್ಕೆ ಬಂದಾಗ. ಅಂದರೆ ಒಂದು ಗಂಟೆ. ಕಸ ಬೇಗ ಬೀಳಲಿಲ್ಲವೆಂದು ಸೂಲಗಿತ್ತಿ ಹೊಕ್ಕುಳ ಬಳ್ಳಿಯನ್ನು ಕೈಗೆ ಸುತ್ತಿಕೊಂಡು ಎಳೆದಳು, ಅರ್ಧ ಬಂತು. ಉಳಿದದ್ದು ತಾನೇ ಬರುತ್ತದೆ ಎಂದು ಹೇಳಿ, ಕೈ ತೊಳೆದು ಹೋದಳು. ಅದಕ್ಕೆ ಮೊದಲು ರಕ್ತ ಹೆಚ್ಚೇನೂ ಇರಲಿಲ್ಲ. ಎಳೆದ ಮೇಲೆ ಶುರುವಾಯಿತು.

“ಎಷ್ಟು ಅರಿವಿ ತೊಯ್ದವು?”

“ಎಂಟು. ಸೀರಿ ಹರದು ಮಡಚಿ ಮಡಚಿ ಇಟ್ಟೆ.”

“ಎಂಟು ತೊಯ್ಯೂಮಟ ಸುಮ್ಮನ ಕುಂತ್ರ್ಯಾ?”

ಮುದುಕಿ ಕೈಗೆ ಮೆತ್ತಿದ ಹಿಟ್ಟು ಉಜ್ಜಿದಳು. “ಹೊಲಸು ಹೋಗಾಕತ್ತೈತಿ ಅನಕೊಂಡೆ. ನಮ್ಮವ್ವ ನನಗ ಹಂಗ ಹೇಳಿದ್ಲು. ಒಂಬತ್ತು ತಿಂಗಳ ಹೊಲಸು, ಹೋದಷ್ಟೂ ಚಲೋ, ಮೈ ಹಗರಾಕ್ಕೈತಿ ಅಂತ. ಆರನೇದು ತೊಯ್ದಾಗ ನೀ ‘ಅತ್ತಿ, ಕಣ್ಣು ಕಾಣವಲ್ದು’ ಅಂದಿ. ಹೋಗಲಿ ಬಿಡವಾ, ಹೊಲಸು, ಅಂದೆ. ನಾ ಅಂದೆ.”

ಅವಳು ಅಳಲಿಲ್ಲ. ನೀಲಕ್ಕನೂ ಸಮಾಧಾನ ಹೇಳಲಿಲ್ಲ, ಹೇಳುವ ಮನಸ್ಸಿರಲಿಲ್ಲ. ಮುದುಕಿ ಮುಂದೆ ಹೇಳಿದಳು: ಆಸ್ಪತ್ರೆಯಲ್ಲಿ ಕೈ ಹಾಕಿ ಉಳಿದ ಕಸ ತೆಗೆದರು, ತೆಗೆದ ಮೇಲೆ ರಕ್ತ ಹಿಡಿತಕ್ಕೆ ಬಂತೆಂದು ದಾದಿ ಬಂದು ಹೇಳಿದಳು, ಮೂರು ಬಾಟಲಿ ಏರಿಸಿದರು. ನೀಲಕ್ಕ ಒಂದೊಂದನ್ನೂ ಅದರದರ ಕಾಲಮ್ಮಿನಲ್ಲಿ ಬರೆದಳು. ‘ಮಾಸು ಬಿದ್ದ ವೇಳೆ’ ಎಂಬಲ್ಲಿ ‘ಬೀಳಲಿಲ್ಲ, ಎಳೆದರು’ ಎಂದು ಬರೆದಳು. ತಳಿ ಎಂಬಲ್ಲಿ ಗೆರೆ ಎಳೆದಳು. ಕಿವಿ ನಂಬರನ್ನು ಖಾಲಿ ಬಿಟ್ಟಳು. ಷರಾದಲ್ಲಿ ಜಾಗ ಸಾಲದೆ ಹಿಂಬದಿಗೂ ಹೋಯಿತು.

ಶನಿವಾರ ಡಾಕ್ಟರು ಆ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದೇನ್ರೀ ಇದು, ಕಿವಿ ನಂಬರು?”

“ಅದು ಬೇಡ ಮೇಡಂ. ಮಿಕ್ಕಿದ್ದು ನಂದೇ” ಎಂದಳು ನೀಲಕ್ಕ.

ಡಾಕ್ಟರು ಎರಡು ಸಲ ಓದಿದರು. ಆಮೇಲೆ ಕಾರ್ಡನ್ನು ಮೇಜಿನ ಮೇಲಿಟ್ಟು, ಬೆರಳನ್ನು ‘ಎಳೆದರು’ ಎಂಬ ಶಬ್ದದ ಮೇಲೆ ಇಟ್ಟು ಮಾತಾಡಿದರು. ಕೇಳಿದರೆ ನಿಮ್ಮ ರಕ್ತದ ದೋಷ ಅನಿಸುವುದಿಲ್ಲ, ಆದರೂ ಪರೀಕ್ಷೆ ಮಾಡಿಸೋಣ. ಕಸದ ತುಂಡು ಒಳಗೆ ಉಳಿದರೆ ಗರ್ಭಕೋಶ ಮುದುಡಿಕೊಳ್ಳಲು ಆಗುವುದಿಲ್ಲ, ಮುದುಡದೆ ರಕ್ತ ನಿಲ್ಲುವುದಿಲ್ಲ, ಯಾರಿಗಾದರೂ ಸರಿ. ಮುಂದಿನ ಸಲವೂ ಕಸ ಕಚ್ಚಿಕೊಳ್ಳಬಹುದು. ಬೇರೆಯವರಿಗಿಂತ ನಿಮಗೆ ಆ ಭಯ ಹೆಚ್ಚು, ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಆದರೆ ಮನೆಯಲ್ಲಿ ಹೆರಿಗೆಯಿಲ್ಲ. ರಕ್ತ ಇಟ್ಟಿರುವ ದೊಡ್ಡ ಆಸ್ಪತ್ರೆಯಲ್ಲಿ ಮೊದಲೇ ಹೆಸರು ಬರೆಸಬೇಕು, ದಿನ ತುಂಬುವ ಮೊದಲೇ ಹೋಗಿ ಸೇರಬೇಕು, ರಕ್ತ ಕೊಡುವವರಿಬ್ಬರು ತಯಾರಿರಬೇಕು, ಈಗಿನಿಂದಲೇ ಕಬ್ಬಿಣದ ಮಾತ್ರೆ. ಮಾಡುವುದು ಬಿಡುವುದು ನೀವು ಯೋಚಿಸಿ ಹೇಳಿ ಎಂದರು.

ನೀಲಕ್ಕ ಅದನ್ನೆಲ್ಲ ಕಾರ್ಡಿನ ಅಂಚಿನಲ್ಲಿ ಬರೆದುಕೊಂಡಳು. ಯೋಚಿಸುವುದು ಎಂದರೇನೆಂದು ಅವಳಿಗೆ ಈಗ ಗೊತ್ತಾಗಿತ್ತು. ಇಷ್ಟು ದಿನ ಮಾಡಿದ್ದು ಹೆದರಿಕೆ ಮಾತ್ರ.

ಹೊರಗೆ ಬಸ್ ಸ್ಟಾಪಿನಲ್ಲಿ ವೀರಬಸಪ್ಪ ಕಸ್ತೂರಿಯ ಕೈ ಹಿಡಿದುಕೊಂಡು ನಿಂತಿದ್ದ. ಡಾಕ್ಟರು ಏನಂದರು ಎಂದು ಕೇಳಿದ. ಹೇಳಿದಳು. ಅವನು ಬಸ್ಸು ಬರುವ ದಿಕ್ಕಿಗೆ ನೋಡಿ, “ನಿನ್ನಿಷ್ಟ” ಎಂದ.

“ನನ್ನಿಷ್ಟ ಹೇಳ್ತೀನಿ, ಕೇಳ್ರಿ” ಎಂದಳು ನೀಲಕ್ಕ. ಸ್ಟಾಪಿನಲ್ಲಿದ್ದವರು ತಿರುಗಿ ನೋಡಿದರು. “ನನಗ ಇನ್ನೊಂದು ಬೇಕು. ಆದ್ರ ಅದಕ್ಕಿಂತ ಮೊದಲು ಸೋಮವಾರ ನೀವು ರಜಾ ಹಾಕಿ ರಕ್ತ ಯಾವ ಗುಂಪಿಂದು ಅಂತ ತೋರಿಸಿಕೊಂಡು ಬರ್ರಿ. ಅವರು ಸಹಿ ಮಾಡು ಅಂದ ಕಾಗದ ಓದಿ ಸಹಿ ಮಾಡ್ರಿ. ಹಳೇ ಚಪ್ಪಲಿ ಮೆಟ್ಟಿಕೊಂಡು ಬರ್ರಿ. ಇಷ್ಟು ಆಗೂದಿಲ್ಲ ಅಂದ್ರ ಈಗಲೇ ಹೇಳ್ರಿ, ಇಲ್ಲಿಗೇ ಬಿಡೂಣು.”

ವೀರಬಸಪ್ಪ ಕಾಲ ಕೆಳಗೆ ನೋಡಿಕೊಂಡ. ಸೋಮವಾರ ಬೆಳಗಿನ ಪಾಳಿ ಎಂದು ಗೊಣಗಿದ. ಆಮೇಲೆ, ಬದಲಿ ಮಾಡಿಕೊಳ್ಳುತ್ತೇನೆ ಎಂದ.

ಮನೆಗೆ ಬಂದಾಗ ಶಿವಲಿಂಗವ್ವ ಬಾಗಿಲಲ್ಲಿ ಕೂತಿದ್ದಳು. ಕಾರ್ಡಿನ ಕಡೆ ಕೈ ಚಾಚಿ, ಟ್ರಂಕಿನಾಗ ಇಡಲ್ಯಾ ಎಂದು ಕೇಳಿದಳು. ನೀಲಕ್ಕ ಬೇಡವೆಂದಳು. ಸೋಮವಾರ ಅದಕ್ಕೊಂದು ಪ್ರತಿ ಬರೆದು, ಒಂದನ್ನು ಕಚೇರಿಯ ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದಳು, ಇನ್ನೊಂದನ್ನು ತನ್ನ ಬ್ಯಾಗಿನಲ್ಲಿಟ್ಟುಕೊಂಡಳು.

ಕೇಳಿದ ದಿನ ಚೀಟಿ ಕೊಡುತ್ತೇನೆ ಎಂದು ಶಿವಲಿಂಗವ್ವ ಮಾತು ಕೊಟ್ಟಿದ್ದಳು. ಕೊಡಲಿಲ್ಲ.